ಬೆಕ್ಕಿನ ಕಣ್ಣಿಗೂ ಸ್ಕ್ಯಾನಿಂಗೇ?

"ಎಮ್ಮಿ ಗಬ್ಬ ಆಗ್ಯಾದೋ ಇಲ್ಲೋ ನೋಡ್ಲಿಕ್ಕ ಸ್ಕ್ಯಾನಿಂಗ್ ಮಾಡ್ತಾರ ಅಂತ ಕೇಳೀನಿ. ಬೆಕ್ಕಿನ ಕಣ್ಣಿಗೂ ಸ್ಕ್ಯಾನಿಂಗ್ ಏನೋ ತಮ್ಮಾ? ನಿನಗ ರೊಕ್ಕ ಹೆಚ್ಚಾಗ್ಯಾವೇನು?"

ಬೀದರಿನಿಂದ ಬಿದಿರು ಬುಟ್ಟಿ ಹಿಡಿದು ಬಸ್ಸಿಳಿದ ಸಂಜೆ ನಮ್ಮ ಓಣಿಯ ಹಿರಿಯರೊಬ್ಬರು ನಗುತ್ತ ಕೇಳಿದ ಮಾತಿದು. ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ದಿನ ಬೀದರಿನಲ್ಲಿ ನಾನು ಕಲಿತದ್ದು ನಗುವ ವಿಷಯವಲ್ಲ. ನಾಲ್ಕು ದಿನ ನನ್ನ ಕೈಯಿಂದಲೇ ಬೆಕ್ಕಿನ ಕಣ್ಣು ಕೆಡುತ್ತಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಕ್ಕು ಸಾಕಿದವರಿಗಷ್ಟೇ ಅಲ್ಲ, ಎತ್ತು ಎಮ್ಮೆ ಕಟ್ಟಿದವರಿಗೂ ಉಪಯೋಗಕ್ಕೆ ಬಂದೀತು.

ರೈತನಿಗೆ ಬೆಕ್ಕು ಯಾಕೆ ಬೇಕು

ಬಸವಕಲ್ಯಾಣದಿಂದ ಹುಮನಾಬಾದಿನ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ ನಮ್ಮದು. ಆರು ಎಕರೆ ಒಣಬೇಸಾಯ. ತೊಗರಿ, ಉದ್ದು, ಸೋಯಾ, ಹಿಂಗಾರಿಗೆ ಸ್ವಲ್ಪ ಜೋಳ. ತೊಗರಿ ರಾಶಿ ಆದ ಕೂಡಲೇ ಎಲ್ಲವನ್ನೂ ಮಾರುವುದಿಲ್ಲ. ರಾಶಿಯ ಹೊತ್ತಿಗೆ ಎಲ್ಲರ ಮಾಲೂ ಒಟ್ಟಿಗೆ ಪೇಟೆಗೆ ಬರುತ್ತದೆ, ದರ ಕುಸಿಯುತ್ತದೆ. ಹತ್ತು ಹನ್ನೆರಡು ಚೀಲ ಒಳಕೋಣೆಯಲ್ಲಿ ಇಟ್ಟುಕೊಂಡು ಯುಗಾದಿ ದಾಟಿದ ಮೇಲೆ ನೋಡುತ್ತೇನೆ. ಇಲಿಗಳಿಗೂ ಅದೇ ಬೇಕಾದದ್ದು. ಇಲಿ ತಿನ್ನುವುದು ಕಡಿಮೆ, ಕೆಡಿಸುವುದು ಹೆಚ್ಚು. ಚೀಲ ಕಡಿಯುತ್ತದೆ, ಹಿಕ್ಕೆ ಉಚ್ಚೆ ಬೆರೆಸುತ್ತದೆ. ಆಮೇಲೆ ಆ ಕಾಳಿಗೆ ಒಳ್ಳೆಯ ದರ ಎಲ್ಲಿಂದ ಬರಬೇಕು?

ಇಲಿ ಪಾಷಾಣವನ್ನೂ ಇಟ್ಟು ನೋಡಿದ್ದೇನೆ. ಒಂದು ವರ್ಷ ಪಾಷಾಣ ತಿಂದ ಇಲಿಯನ್ನು ನಮ್ಮ ಹಳೆಯ ಬೆಕ್ಕು ತಿಂದು ಸತ್ತಿತು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈಗಿನ ಪಾಷಾಣಗಳು ಇಲಿಯ ಮೈಯಲ್ಲಿ ಉಳಿಯುತ್ತವೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಮೂರು ನಾಲ್ಕು ದಿನ ತೂಕಡಿಸುತ್ತ ಓಡಾಡುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ಬೇಟೆ. ಅಂದಿನಿಂದ ನಮ್ಮ ಮನೆಯಲ್ಲಿ ಪಾಷಾಣ ಬಂದ್. ಅದರ ಮುಂದಿನ ವರ್ಷ ಬಂದವಳು ಮಿಂಚಿ. ಕಪ್ಪು, ಬಿಳುಪು, ಕಂದು ಮೂರೂ ಬಣ್ಣದ ಹೆಣ್ಣು ಬೆಕ್ಕು. ಅವಳು ಬಂದ ಮೇಲೆ ಚೀಲ ತೇಪೆ ಹಾಕುವ ಕೆಲಸ ನನಗೆ ಬಹಳ ಮಟ್ಟಿಗೆ ತಪ್ಪಿದೆ.

ನಾನು ಮಾಡಿದ ತಪ್ಪು

ತೊಗರಿ ಕೊಯ್ದ ಹೊಲ ನಿಮಗೆ ಗೊತ್ತೇ ಇದೆ. ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿದ ಕಟ್ಟಿಗೆಯ ಬುಡ ಚೂಪಾಗಿ ನಿಂತಿರುತ್ತದೆ. ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಹೊಗುತ್ತದೆ. ಅದೇ ಹೊಲದಲ್ಲಿ ಇಲಿ ಬೆನ್ನಟ್ಟಿದ ಮಿಂಚಿ ಒಂದು ಸಂಜೆ ಎಡಗಣ್ಣು ಮುಚ್ಚಿಕೊಂಡು ಬಂದಳು. ನೀರು ಸೋರುತ್ತಿತ್ತು. ಬೆಳಕಿಗೆ ಮುಖ ತಿರುಗಿಸುತ್ತಿದ್ದಳು.

ಹಿಂದಿನ ವರ್ಷ ನನಗೆ ಕಣ್ಣು ಕೆಂಪಾಗಿ ತುರಿಸುತ್ತಿದ್ದಾಗ ತಂದ ಹನಿ ಔಷಧದ ಬಾಟಲಿ ಮಾಡದಲ್ಲಿ ಇತ್ತು. ನನಗೆ ಎರಡೇ ದಿನದಲ್ಲಿ ಆರಾಮ ಆಗಿತ್ತು. ಅದನ್ನೇ ಮಿಂಚಿಗೂ ಹಾಕಿದೆ. ಮೊದಲ ದಿನ ಕೆಂಪು ಕಡಿಮೆಯಾದಂತೆ ಕಂಡಿತು. ಕಣ್ಣು ಸ್ವಲ್ಪ ತೆರೆದಳು ಕೂಡ. ನನಗೆ ಧೈರ್ಯ ಬಂತು, ದಿನಕ್ಕೆ ಮೂರು ಸಲ ಹಾಕತೊಡಗಿದೆ. ನಾಲ್ಕನೆಯ ದಿನ ನೋಡಿದರೆ ಕಣ್ಣಗುಡ್ಡೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿದೆ, ನಡುವೆ ಒಂದು ತಗ್ಗು.

ಹುಮನಾಬಾದಿನಲ್ಲಿ ಪರಿಚಯದ ಪಶುವೈದ್ಯರೊಬ್ಬರು ಇದ್ದಾರೆ, ಚಿಕ್ಕ ವಯಸ್ಸಿನವರು. ಅವರ ಹತ್ತಿರ ಒಯ್ದೆ. ಬಾಟಲಿಯನ್ನೂ ಕಿಸೆಯಲ್ಲಿ ಇಟ್ಟುಕೊಂಡು ಹೋದದ್ದು ಒಳ್ಳೆಯದಾಯಿತು.

"ಕಾಕಾ, ಇದ್ರಾಗ ಏನ್ ಬರದಾರ ಓದೀರಿ?"

"ಸಣ್ಣ ಅಕ್ಷರ ಅದಾವ, ನನಗ ಕಾಣ್ಸಂಗಿಲ್ರಿ."

"ಡೆಕ್ಸಾಮೆಥಾಸೋನ್ ಅಂತ ಬರದಾರ. ಸ್ಟಿರಾಯ್ಡ್ ಇದು. ಗಾಯ ಆದ ಕಣ್ಣಿಗಿ ಇದು ವಿಷ ಇದ್ದಂಗ."

ಅವರು ಬಿಡಿಸಿ ಹೇಳಿದ್ದು ಇಷ್ಟು. ಸ್ಟಿರಾಯ್ಡ್ ಕೆಂಪನ್ನು, ಉರಿಯನ್ನು ಇಳಿಸುತ್ತದೆ. ಹಾಗಾಗಿ ವಾಸಿಯಾಗುತ್ತಿದೆ ಎಂದು ನಮಗೆ ಅನಿಸುತ್ತದೆ. ಆದರೆ ಕಣ್ಣಗುಡ್ಡೆಯ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಗೀರಿದ್ದರೆ ಸ್ಟಿರಾಯ್ಡ್ ಅಲ್ಲಿ ಹೊಸ ಚರ್ಮ ಬೆಳೆಯಲು ಬಿಡುವುದಿಲ್ಲ. ಸೋಂಕನ್ನು ತಡೆಯುವ ಮೈಯ ಶಕ್ತಿಯನ್ನೂ ಕುಗ್ಗಿಸುತ್ತದೆ. ರೋಗಾಣುಗಳಿಗೆ ಬೇಲಿ ಕಿತ್ತ ಹೊಲ ಸಿಕ್ಕಂತೆ. ಗೀರು ಹುಣ್ಣಾಗುತ್ತದೆ, ಹುಣ್ಣು ಆಳವಾಗುತ್ತದೆ, ಕೊನೆಗೆ ತೂತು ಬಿದ್ದು ಕಣ್ಣೇ ಹೋಗಬಹುದು. ಬೆಕ್ಕುಗಳಲ್ಲಿ ಇನ್ನೊಂದು ತೊಡಕು ಇದೆ. ಮರಿಯಾಗಿದ್ದಾಗ ಬಂದ ಹರ್ಪಿಸ್ ವೈರಸ್ ಅನೇಕ ಬೆಕ್ಕುಗಳ ಮೈಯಲ್ಲಿ ಬದುಕಿರುವವರೆಗೂ ಅಡಗಿ ಕೂತಿರುತ್ತದೆ. ಸ್ಟಿರಾಯ್ಡ್ ಅದನ್ನು ಎಬ್ಬಿಸಬಹುದು.

ವೈದ್ಯರು ಒಂದು ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕಣ್ಣಿಗೆ ಮುಟ್ಟಿಸಿದರು. ಕಿತ್ತಳೆ ಬಣ್ಣದ ರಸ ಹರಡಿತು. ನೀಲಿ ಬೆಳಕು ಹಿಡಿದಾಗ ಹುಣ್ಣಾದ ಜಾಗ ಮಾತ್ರ ಹಸಿರಾಗಿ ಹೊಳೆಯಿತು. ಫ್ಲೋರೆಸಿನ್ ಎಂಬ ಈ ಬಣ್ಣ ಚರ್ಮ ಹೋದ ಕಡೆ ಮಾತ್ರ ಅಂಟುತ್ತದೆ. ಈ ಸಣ್ಣ ಪರೀಕ್ಷೆ ಮಾಡದೆ ಯಾವ ಕಣ್ಣಿಗೂ ಸ್ಟಿರಾಯ್ಡ್ ಹಾಕಬಾರದಂತೆ.

"ಮ್ಯಾಗಿನ ಹುಣ್ಣು ಕಂಡ್ತು. ಒಳಗ ಏನಾಗ್ಯಾದ ನನಗ ಕಾಣವಲ್ದು, ಎಲ್ಲಾ ಬೆಳ್ಳಗಾಗ್ಯಾದ. ಕಟ್ಟಿಗಿ ಒಳಗ ಹೊಕ್ಕು ಮಸೂರ ಹರಿದಿದ್ರ ಕಣ್ಣ ತೆಗೀಬೇಕಾಗ್ತದ. ಒಳಗ ಛಲೋ ಇದ್ರ ಉಳಸ್ಲಿಕ್ಕ ಬರ್ತದ. ಬೀದರಿಗಿ ಹೋಗ್ರಿ, ಸ್ಕ್ಯಾನ್ ಮಾಡಸ್ರಿ."

ಕತ್ತಲ ಬಾವಿಯ ಆಳ ನೋಡಿದಂತೆ

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದೇ ಬೀದರಿನ ನಂದಿನಗರದಲ್ಲಿ. 2004ರ ಕಾಯ್ದೆಯಿಂದ ಈ ವಿಶ್ವವಿದ್ಯಾಲಯ ಆಯಿತು. ಅಲ್ಲಿಯ ಪಶುವೈದ್ಯಕೀಯ ಕಾಲೇಜು ಅದಕ್ಕಿಂತ ಹಳೆಯದು. ಬೇರೆ ಜಿಲ್ಲೆಯ ಎಷ್ಟೋ ರೈತರಿಗೆ ಇಷ್ಟು ಹತ್ತಿರ ಇಂಥ ದವಾಖಾನೆ ಇಲ್ಲ. ನಾವು ಮಾತ್ರ ಎತ್ತಿನ ಕಾಲು ಮುರಿದಾಗಷ್ಟೇ ಅದನ್ನು ನೆನೆಯುತ್ತೇವೆ.

ಮರುದಿನ ಮಿಂಚಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋದೆ. ಎಕ್ಸ್‌ರೇ ತೆಗೆಯುತ್ತಾರೆ ಎಂದುಕೊಂಡಿದ್ದೆ. ಎಕ್ಸ್‌ರೇಗೆ ಮೂಳೆ ಚೆನ್ನಾಗಿ ಕಾಣುತ್ತದೆ, ಕಣ್ಣಿನೊಳಗಿನ ಮೆತ್ತನೆಯ ಪದರಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಅಲ್ಟ್ರಾಸೌಂಡಿನ ದಾರಿಯೇ ಬೇರೆ. ಅದರಲ್ಲಿ ಕಿರಣವಿಲ್ಲ, ಇರುವುದು ಶಬ್ದ.

ಬಾವಿಯ ದಂಡೆಯಲ್ಲಿ ನಿಂತು ಕೂಗಿದರೆ ದನಿ ಹೋಗಿ ತಿರುಗಿ ಬರುತ್ತದಲ್ಲ? ನೀರು ಮೇಲಿದ್ದರೆ ಬೇಗ, ತಳದಲ್ಲಿದ್ದರೆ ತಡವಾಗಿ. ಯಂತ್ರ ಮಾಡುವುದೂ ಅದನ್ನೇ. ಕೈಯಲ್ಲಿ ಹಿಡಿಯುವ ಅದರ ಬಾಯಿಗೆ ಪ್ರೋಬ್ ಎನ್ನುತ್ತಾರೆ. ಅದು ಶಬ್ದ ಕಳಿಸುತ್ತದೆ, ಎಲ್ಲಿ ಒಂದು ಪದರ ಮುಗಿದು ಇನ್ನೊಂದು ಶುರುವಾಗುತ್ತದೋ ಅಲ್ಲಿಂದ ಸ್ವಲ್ಪ ಶಬ್ದ ಮರಳುತ್ತದೆ. ಎಷ್ಟು ಹೊತ್ತಿಗೆ ಮರಳಿತು ಎಂಬುದರಿಂದ ಆ ಪದರ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕಿ ಪರದೆಯ ಮೇಲೆ ಚುಕ್ಕೆ ಇಡುತ್ತದೆ. ಚುಕ್ಕೆಗಳು ಸೇರಿ ಚಿತ್ರ.

ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಬೆಕ್ಕಿನ ಕಣ್ಣಿನ ಆಳ ಸುಮಾರು ಎರಡು ಸೆಂಟಿಮೀಟರ್. ಹೋಗಿ ಬರಲು ಹಿಡಿಯುವುದು ಸೆಕೆಂಡನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿಗಿಂತ ಕಡಿಮೆ ಹೊತ್ತು!

ಈ ಶಬ್ದ ನಮಗೆ ಕೇಳಿಸುವುದಿಲ್ಲ. ಮನುಷ್ಯನ ಕಿವಿಗೆ ಸೆಕೆಂಡಿಗೆ 20 ಸಾವಿರ ಕಂಪನದವರೆಗೆ ಕೇಳಿಸುತ್ತದೆ. ಬೆಕ್ಕಿಗೆ 60 ಸಾವಿರ ದಾಟಿದರೂ ಕೇಳಿಸುತ್ತದೆ. ಅದಕ್ಕೇ ನಮಗೆ ಕೇಳದ ಇಲಿಮರಿಯ ಚೀರಾಟ ಅದಕ್ಕೆ ಗೊತ್ತಾಗುವುದು. ಎಮ್ಮೆಯ ಗರ್ಭ ನೋಡುವ ಪ್ರೋಬಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 50 ಲಕ್ಷದ ಆಸುಪಾಸು ಕಂಪನ. ಕಣ್ಣಿಗೆ 75 ಲಕ್ಷದಿಂದ ಒಂದು ಕೋಟಿ, ಇನ್ನೂ ಹೆಚ್ಚು ಇದ್ದರೆ ಮತ್ತೂ ಒಳ್ಳೆಯದು. ಕಂಪನ ಹೆಚ್ಚಿದಷ್ಟೂ ಚಿತ್ರ ನುಣುಪು, ಆದರೆ ಶಬ್ದ ಆಳಕ್ಕೆ ಹೋಗುವುದಿಲ್ಲ. ಕಣ್ಣು ಚಿಕ್ಕದು, ಆಳ ಬೇಕಿಲ್ಲ, ನುಣುಪು ಬೇಕು. ಹಾಗಾಗಿ ನಮ್ಮೂರಿಗೆ ಎಮ್ಮೆ ನೋಡಲು ಬರುವ ಯಂತ್ರ ಇದೆಯಲ್ಲ, ಅದರಲ್ಲೇ ನೋಡಿಬಿಡಿ ಎಂದರೆ ಆಗುವುದಿಲ್ಲ. ತಕ್ಕ ಪ್ರೋಬ್ ಬೇಕು, ನೋಡಿ ಪಳಗಿದ ಕಣ್ಣೂ ಬೇಕು.

ಈ ವಿದ್ಯೆ ಮೊದಲು ಬಂದದ್ದು ಮನುಷ್ಯರ ಕಣ್ಣಿಗೆ. 1956ರಲ್ಲಿ ಮುಂಟ್ ಮತ್ತು ಹ್ಯೂಸ್ ಎಂಬುವರು ಕಣ್ಣೊಳಗಿನ ಗಡ್ಡೆ ಗುರುತಿಸಲು ಶಬ್ದ ಬಳಸಿದರು. 1958ರಲ್ಲಿ ಬಾಮ್ ಮತ್ತು ಗ್ರೀನ್‌ವುಡ್ ಕಣ್ಣಿನ ಅಡ್ಡಸೀಳಿನಂಥ ಚಿತ್ರವನ್ನೇ ತೆಗೆದು ತೋರಿಸಿದರು. ಪ್ರಾಣಿಗಳಿಗೆ ಆಮೇಲೆ ಬಂತು.

ಪರದೆಯ ಮೇಲೆ ಕಂಡದ್ದು

ಮೊದಲು ಕಣ್ಣಿಗೆ ತೂತು ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ತೂತು ಬಿದ್ದ ಕಣ್ಣನ್ನು ಒತ್ತಿದರೆ ಒಳಗಿನದೆಲ್ಲ ಹೊರಗೆ ಬರುವ ಅಪಾಯ. ಮಿಂಚಿಯನ್ನು ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿ ನನ್ನ ಕೈಗೆ ಕೊಟ್ಟರು. ನೋವು ತಿಳಿಯದ ಹಾಗೆ ಒಂದು ಹನಿ ಹಾಕಿದರು. ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ, ಅದರ ಮೇಲೆ ಪ್ರೋಬನ್ನು ಹಗುರಾಗಿ ಇಟ್ಟರು. ನಡುವೆ ಗಾಳಿ ಇದ್ದರೆ ಶಬ್ದ ಒಳಗೆ ದಾಟುವುದಿಲ್ಲ, ಅದಕ್ಕೇ ಜೆಲ್. ಸುಮ್ಮನಿರುವ ಬೆಕ್ಕಾದರೆ ಮಂಪರು ಸೂಜಿಯೂ ಬೇಕಿಲ್ಲ. ಐದಾರು ನಿಮಿಷದಲ್ಲಿ ಮುಗಿಯಿತು.

ಪರದೆಯಲ್ಲಿ ನನಗೆ ಮೊದಲು ಮೋಡ ಕಂಡಂತಾಯಿತು. ಡಾಕ್ಟರು ಬೆರಳಿಟ್ಟು ತೋರಿಸಿದ ಮೇಲೆ ತಿಳಿಯಿತು. ನೀರಿನಂಥ ಭಾಗ ಕಪ್ಪಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿಂದ ಶಬ್ದ ಮರಳುವುದಿಲ್ಲ. ಮುಂದೆ ಕಾರ್ನಿಯಾದ ಗೆರೆ. ಆಮೇಲೆ ಮಸೂರದ ಮುಂಬದಿ, ಹಿಂಬದಿ ಎರಡು ಬಿಳಿ ಕಮಾನು. ಅದರ ಹಿಂದೆ ಅಂಟುರಸ ತುಂಬಿದ ಕಪ್ಪು ಕೋಣೆ. ಕೊನೆಗೆ ಬಟ್ಟಲಿನ ತಳದಂತೆ ಬಿಳಿಯ ಗೋಡೆ. ಚಿತ್ರ ಮೂಡುವ ಅಕ್ಷಿಪಟ, ಅಂದರೆ ರೆಟಿನಾ, ಆ ಗೋಡೆಗೆ ಅಂಟಿಕೊಂಡಿರುತ್ತದೆ. ಸರಿಯಿದ್ದಾಗ ಅದು ಬೇರೆಯಾಗಿ ಕಾಣುವುದೇ ಇಲ್ಲ. ಗೋಡೆಯಿಂದ ಕಿತ್ತು ಬಂದರೆ ಮಾತ್ರ ಹಾರುವ ಕೊಕ್ಕರೆ ರೆಕ್ಕೆ ಚಾಚಿದ ಹಾಗೆ ಎರಡು ಗೆರೆ ಕಾಣುತ್ತವೆ. ಎರಡೂ ಗೆರೆ ಹಿಂದೆ ಕಣ್ಣಿನ ನರದ ಹತ್ತಿರ ಕೂಡಿರುತ್ತವೆ. ರಕ್ತ ತುಂಬಿದ್ದರೆ ಕಪ್ಪು ಕೋಣೆಯಲ್ಲಿ ನುಚ್ಚು ಚೆಲ್ಲಿದಂತೆ ಕಾಣುತ್ತದೆ. ಮಸೂರ ಜಾರಿದ್ದರೆ, ಮುಳ್ಳು ಸಿಕ್ಕಿದ್ದರೆ, ಗಡ್ಡೆ ಬೆಳೆದಿದ್ದರೆ, ಕಣ್ಣಿನ ಹಿಂದೆ ಕೀವು ಕಟ್ಟಿದ್ದರೆ ಅದೂ ಕಾಣಬಹುದು.

ಮಿಂಚಿಯ ಕಣ್ಣಲ್ಲಿ ಎರಡು ಕಮಾನೂ ಸರಿಯಾಗಿ ಇದ್ದವು. ಒಳಕೋಣೆ ಕಪ್ಪಗೆ ಸ್ವಚ್ಛ. ರೆಕ್ಕೆ ಇರಲಿಲ್ಲ. "ಒಳಗ ಎಲ್ಲಾ ಛಲೋ ಅದ, ಕಣ್ಣ ತೆಗ್ಯಾದು ಬ್ಯಾಡ" ಎಂದರು. ನನ್ನ ಜೀವ ತಣ್ಣಗಾಯಿತು.

ಆಮೇಲೆ ಮಾಡಿದ್ದು ಮೇಲಿನ ಹುಣ್ಣಿಗೆ ಚಿಕಿತ್ಸೆ. ಸ್ಟಿರಾಯ್ಡ್ ಇಲ್ಲದ ಔಷಧದ ಹನಿ, ಹಗಲೂ ರಾತ್ರಿ ಗಂಟೆ ಲೆಕ್ಕದಲ್ಲಿ. ಕಣ್ಣು ಕೆರೆದುಕೊಳ್ಳದ ಹಾಗೆ ರಟ್ಟು ಕತ್ತರಿಸಿ ಕುತ್ತಿಗೆಗೆ ಬುಗುರಿಯಂತೆ ಕಟ್ಟಿದೆವು. ಮೂರು ವಾರ ಮನೆಯವರೆಲ್ಲ ಪಾಳಿ ಹಾಕಿಕೊಂಡು ಹನಿ ಹಾಕಿದೆವು. ಈಗ ಜೋಳದ ಕಾಳಿನಷ್ಟು ಬಿಳಿ ಕಲೆ ಉಳಿದಿದೆ. ಮೊದಲ ದಿನವೇ ಹೋಗಿದ್ದರೆ ಬಹುಶಃ ಅದೂ ಉಳಿಯುತ್ತಿರಲಿಲ್ಲ. ಆ ಕಲೆ ನೋಡಿದಾಗಲೆಲ್ಲ ನನಗೆ ಮಾಡದ ಬಾಟಲಿ ನೆನಪಾಗುತ್ತದೆ.

ಅಕ್ಕನ ಮನೆಯ ಮುದಿ ಬೆಕ್ಕು

ಸ್ಕ್ಯಾನಿಂಗಿನಿಂದ ಎಲ್ಲ ಕಣ್ಣೂ ಉಳಿಯುತ್ತವೆ ಎಂದು ತಿಳಿಯಬೇಡಿ. ಹುಮನಾಬಾದಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಹದಿಮೂರು ವರ್ಷದ ಬೆಕ್ಕು ಇತ್ತು. ಒಂದು ಬೆಳಿಗ್ಗೆ ಬಾಗಿಲಿಗೆ ಹೋಗಿ ಡಿಕ್ಕಿ ಹೊಡೆಯಿತು. ಬಿಸಿಲಿನಲ್ಲೂ ಎರಡೂ ಕಣ್ಣಿನ ಪಾಪೆ ಅಗಲವಾಗಿ ತೆರೆದೇ ಇದ್ದವು. "ಯಾರದೋ ದೃಷ್ಟಿ ತಾಗ್ಯಾದ" ಎಂದು ಉಪ್ಪು ನಿವಾಳಿಸಿದರು. ಒಂದು ವಾರ ಹೀಗೇ ಹೋಯಿತು. ನನ್ನ ಮಿಂಚಿಯ ಕಥೆ ಕೇಳಿದ ಮೇಲೆ ಬೀದರಿಗೆ ಒಯ್ದರು.

ಒಂದು ಕಣ್ಣಿನಲ್ಲಿ ಕಿತ್ತು ಬಂದ ಅಕ್ಷಿಪಟ ಬರಿಯ ದೀಪದ ಬೆಳಕಿಗೇ ಕಂಡಿತು. ಇನ್ನೊಂದು ಕಣ್ಣಿನಲ್ಲಿ ರಕ್ತ ತುಂಬಿತ್ತು, ಬೆಳಕು ಒಳಗೆ ಹೋಗಲಿಲ್ಲ. ಅಲ್ಲಿ ಸ್ಕ್ಯಾನ್ ಮಾಡಿದರು. ಅದೇ ಕೊಕ್ಕರೆ ರೆಕ್ಕೆ. ಆಮೇಲೆ ಮುಂಗಾಲಿಗೆ ಸಣ್ಣ ಪಟ್ಟಿ ಕಟ್ಟಿ ಬಿಪಿ ನೋಡಿದರು. ಬಹಳ ಏರಿತ್ತು!

ಬೆಕ್ಕಿಗೂ ಬಿಪಿ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡ ಸೋತಾಗ, ಕೆಲವಕ್ಕೆ ಥೈರಾಯ್ಡ್ ಹೆಚ್ಚಾದಾಗ ರಕ್ತದೊತ್ತಡ ಏರುತ್ತದೆ. ಕಣ್ಣಿನ ಸೂಕ್ಷ್ಮ ನಾಳಗಳಿಂದ ನೀರು ರಕ್ತ ಸೋರಿ ಅಕ್ಷಿಪಟವನ್ನು ಗೋಡೆಯಿಂದ ಎಬ್ಬಿಸುತ್ತದೆ. ಮಣ್ಣಿನ ಗೋಡೆಗೆ ಹಿಂದಿನಿಂದ ನೀರು ಇಳಿದರೆ ಗಿಲಾವು ಉಬ್ಬಿ ಬರುತ್ತದಲ್ಲ, ಹಾಗೆ. ತಕ್ಷಣ ಒತ್ತಡ ಇಳಿಸಿದರೆ ಕೆಲವು ಸಲ ಮತ್ತೆ ಅಂಟಿಕೊಂಡು ಸ್ವಲ್ಪ ದೃಷ್ಟಿ ಮರಳುವುದುಂಟು. ದಿನ ಕಳೆದಂತೆ ಆ ಆಸೆ ಕಡಿಮೆ. ಅಕ್ಕನ ಬೆಕ್ಕಿಗೆ ಒಂದು ಕಣ್ಣಿನಲ್ಲಿ ಬೆಳಕು ನೆರಳಿನ ಗುರುತು ಮಾತ್ರ ಬಂತು, ಇನ್ನೊಂದು ಹೋಯಿತು. ಆದರೂ ಮಾತ್ರೆಯಿಂದ ಒಂದೂವರೆ ವರ್ಷ ಬದುಕಿತು. ಸಾಮಾನು ಅತ್ತಿತ್ತ ಸರಿಸದಿದ್ದರೆ ಮನೆತುಂಬ ಸಲೀಸಾಗಿ ಓಡಾಡುತ್ತಿತ್ತು.

ಮನುಷ್ಯರಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯನ್ನೇ ಬೆಕ್ಕಿಗೂ ಕೊಡುತ್ತಾರೆ. ಹಾಗೆಂದು ಅಜ್ಜನ ಮಾತ್ರೆ ಮುರಿದು ತಿನ್ನಿಸಬೇಡಿ. ಮೂರು ನಾಲ್ಕು ಕಿಲೋ ಪ್ರಾಣಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಹಾಲು ರೊಟ್ಟಿ ಸಾಕೇ?

ನಮ್ಮದು ಮಾಂಸ ತಿನ್ನದ ಮನೆ. ನಮ್ಮ ಸೀಮೆಯಲ್ಲಿ ಇಂಥ ಮನೆಗಳು ಬಹಳ. ಬೆಕ್ಕಿಗೆ ಹಾಲು, ರೊಟ್ಟಿ, ಅನ್ನ ಹಾಕುತ್ತೇವೆ. ಇದು ಸಾಕೇ ಎಂದು ಬೀದರಿನಲ್ಲಿ ಕೇಳಿದೆ. "ನಿಮ್ಮ ಬೆಕ್ಕು ಇಲಿ ತಿಂತದಿಲ್ರಿ? ಅದೇ ಅದಕ್ಕ ದವಾ" ಎಂದು ನಕ್ಕರು.

ಕಾರಣ ಇದು. ಟಾರಿನ್ ಎಂಬ ಸತ್ವ ಅಕ್ಷಿಪಟಕ್ಕೂ ಹೃದಯಕ್ಕೂ ಬೇಕೇಬೇಕು. ನಾಯಿ, ಮನುಷ್ಯ ಇದನ್ನು ತಕ್ಕಮಟ್ಟಿಗೆ ಮೈಯಲ್ಲೇ ತಯಾರಿಸಿಕೊಳ್ಳುತ್ತಾರೆ. ಬೆಕ್ಕಿನ ಮೈ ಸಾಕಷ್ಟು ತಯಾರಿಸಲಾರದು. ಮಾಂಸದಲ್ಲಿ, ಮೀನಿನಲ್ಲಿ, ಇಲಿಯ ಮೈಯಲ್ಲಿ ಇದೆ. ರೊಟ್ಟಿ ಅನ್ನದಲ್ಲಿ ಇಲ್ಲ, ಹಾಲಿನಲ್ಲಿ ತೀರ ಅಲ್ಪ. 1975ರಲ್ಲಿ ಅಮೆರಿಕದ ಹೇಯ್ಸ್ ಮತ್ತು ಸಂಗಡಿಗರು ಹಾಲಿನ ಪ್ರೋಟೀನಾದ ಕೇಸೀನನ್ನೇ ಮುಖ್ಯವಾಗಿ ತಿನ್ನಿಸಿದ ಬೆಕ್ಕುಗಳ ಅಕ್ಷಿಪಟ ಸವೆದುಹೋಗುವುದನ್ನು ಕಂಡರು. ಕೊರತೆ ಇದ್ದದ್ದು ಟಾರಿನ್ನಿನದು. ಹೀಗೆ ಸವೆದ ಭಾಗ ಮತ್ತೆ ಬೆಳೆಯುವುದಿಲ್ಲ.

ಹೊಲ, ಹಿತ್ತಲು, ಬಣವಿ ತಿರುಗುವ ಬೆಕ್ಕಿಗೆ ಈ ಚಿಂತೆ ಕಡಿಮೆ. ಪಟ್ಟಣದಲ್ಲಿ ಮಗನ ಮನೆಗೆ ಒಯ್ದು ಮೂರನೆಯ ಮಹಡಿಯಲ್ಲಿ ಹಾಲು ರೊಟ್ಟಿ ಮೇಲೆ ಸಾಕಿದರೆ ಅಪಾಯ. ಅಂಥವರು ಬೆಕ್ಕಿಗೆಂದೇ ಮಾಡಿದ ಆಹಾರ ಕೊಡಬೇಕು. ನಾಯಿಯ ಆಹಾರ ಸಾಲದು. ಇನ್ನೊಂದು ಮಾತು: ಈ ಸವೆತ ಅಲ್ಟ್ರಾಸೌಂಡಿನಲ್ಲಿ ಕಾಣುವುದಿಲ್ಲ. ಅಕ್ಷಿಪಟ ಇದ್ದ ಜಾಗದಲ್ಲಿ ಇದೆಯೋ ಇಲ್ಲವೋ ಎಂದು ಯಂತ್ರ ಹೇಳುತ್ತದೆ, ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳುವುದಿಲ್ಲ. ಮೇಲಿನ ಸಣ್ಣ ಗೀರನ್ನೂ ಅದು ತೋರಿಸುವುದಿಲ್ಲ. ಅದಕ್ಕೆ ಬಣ್ಣದ ಪಟ್ಟಿಯೇ ಬೇಕು.

ಕೊಟ್ಟಿಗೆಯಲ್ಲಿ ಉಳಿದ ಔಷಧಗಳು

ನಮ್ಮ ರೈತರ ಮನೆಗಳಲ್ಲಿ ಎತ್ತಿಗೆ, ಕೋಳಿಗೆ ತಂದು ಉಳಿದ ಬಾಟಲಿಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಎನ್ರೋಫ್ಲಾಕ್ಸಸಿನ್ ಒಂದು. ದನಗಳಿಗೆ ಒಳ್ಳೆಯ ಔಷಧವೇ. ಆದರೆ ಪ್ರಮಾಣ ಮೀರಿದರೆ ಬೆಕ್ಕಿನ ಅಕ್ಷಿಪಟವನ್ನು ಸುಟ್ಟು ಶಾಶ್ವತ ಕುರುಡು ಮಾಡಬಲ್ಲದು. 2001ರಲ್ಲಿ ಅಮೆರಿಕದ ಪಶುವೈದ್ಯರು ಇದನ್ನು ವಿವರವಾಗಿ ಬರೆದಿದ್ದಾರೆ. ಬೆಕ್ಕಿಗೆ ದಿನಕ್ಕೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು. ಲೆಕ್ಕ ಹಾಕಿ: ಮೂರು ಕಿಲೋ ಬೆಕ್ಕಿಗೆ 15 ಮಿಲಿಗ್ರಾಂ. ದನಗಳ ಶೇ. 10ರ ಸೂಜಿಮದ್ದಿನಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. "ಒಂದೇ ಒಂದು ಎಮ್ಮೆಲ್ ಹಾಕೀನಿ" ಎಂದರೂ ಆರು ಪಟ್ಟಿಗಿಂತ ಹೆಚ್ಚಾಯಿತು!

ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ನೇರ ವಿಷ. ಅರ್ಧ ಮಾತ್ರೆಯೂ ಪ್ರಾಣ ತೆಗೆದೀತು.

ಎತ್ತಿನ ಕಣ್ಣಿಗೂ ಇದೇ ಮಾತು. ನಮ್ಮ ದೇವಣಿ ಎತ್ತುಗಳಿಗೆ ತೊಗರಿ ಕಟ್ಟಿಗೆ, ಜೋಳದ ದಂಟು, ಕಬ್ಬಿನ ಗರಿ ತಾಗಿ ಕಣ್ಣು ಬೆಳ್ಳಗಾದಾಗ ತಂಬಾಕು ಅಗಿದು ಉಗುಳುವುದನ್ನು, ಉಪ್ಪು ಊದುವುದನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ನಾನೂ ಮಾಡಿದ್ದೇನೆ. ಹುಣ್ಣಿನ ಮೇಲೆ ಖಾರ ಹಾಕಿದಂತೆ ಅದು. ಮನುಷ್ಯರ ಬಾಯಿಯ ರೋಗಾಣುಗಳನ್ನೂ ಅಲ್ಲಿಗೆ ಬಿತ್ತಿದಂತೆ. ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ, ನೆರಳಿನಲ್ಲಿ ಕಟ್ಟಿರಿ, ವೈದ್ಯರನ್ನು ಕರೆಯಿರಿ. ದನಗಳಿಗಾದರೆ 1962ಕ್ಕೆ ಫೋನ್ ಮಾಡಬಹುದು.

ಮನೆಯಲ್ಲೇ ನೋಡಬೇಕಾದದ್ದು

1. ಬೆಕ್ಕು ಒಂದು ಕಣ್ಣು ಮುಚ್ಚಿ ಕುಳಿತರೆ ಅದು ನೋವಿನ ಗುರುತು. ನಾಳೆ ನೋಡೋಣ ಎನ್ನಬೇಡಿ.

2. ಕತ್ತಲ ಕೋಣೆಯಲ್ಲಿ ಬ್ಯಾಟರಿ ಬೆಳಕು ಬಿಡಿ. ಎರಡೂ ಪಾಪೆ ಕಿರಿದಾಗಬೇಕು. ಒಂದು ದೊಡ್ಡದು ಒಂದು ಚಿಕ್ಕದಾದರೆ, ಎರಡೂ ಅಗಲವಾಗಿಯೇ ಉಳಿದರೆ ಅದೇ ದಿನ ಹೊರಡಿ.

3. ಮೂಗಿನ ಕಡೆಯಿಂದ ಬಿಳಿ ಒಳರೆಪ್ಪೆ ಎರಡೂ ಕಣ್ಣಿಗೆ ಏರಿ ನಿಂತಿದ್ದರೆ ತೊಂದರೆ ಕಣ್ಣಿನದೇ ಆಗಿರಬೇಕೆಂದಿಲ್ಲ. ಹೊಟ್ಟೆಹುಳು, ಭೇದಿ, ನಿಶ್ಶಕ್ತಿಯೂ ಇರಬಹುದು. ಒಂದೇ ಕಣ್ಣಿಗಾದರೆ ಆ ಕಣ್ಣಿನ ನೋವು.

4. ಮರಿಗಳು ಸೀನುತ್ತ, ಎರಡೂ ಕಣ್ಣಿಗೆ ಪಿಸರು ಅಂಟಿಕೊಂಡರೆ ಅದು ಹರ್ಪಿಸ್ ಅಥವಾ ಕ್ಲಮಿಡಿಯ ಇರಬಹುದು. ಬೆಚ್ಚನೆಯ ನೀರಿನ ಹತ್ತಿಯಿಂದ ಒರೆಸಿ, ಪ್ರತಿ ಕಣ್ಣಿಗೂ ಬೇರೆ ಹತ್ತಿ. ಆಮೇಲೆ ವೈದ್ಯರಿಗೆ ತೋರಿಸಿ.

5. ಹುಟ್ಟಿದ ಮರಿ ಒಂದರಿಂದ ಎರಡು ವಾರದೊಳಗೆ ಕಣ್ಣು ತೆರೆಯುತ್ತದೆ. ಅದಕ್ಕೂ ಮುಂಚೆ ಮುಚ್ಚಿದ ರೆಪ್ಪೆ ಉಬ್ಬಿಕೊಂಡರೆ ಒಳಗೆ ಕೀವು ತುಂಬಿದೆ ಎಂದು ತಿಳಿಯಿರಿ. ಕಾಯುತ್ತ ಕೂಡಬೇಡಿ.

6. ಬೆಕ್ಕಿನ ಜಗಳದಲ್ಲಿ ಉಗುರು ತಾಗಿದರೆ ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ಒಳಗೆ ಮಸೂರ ಹರಿದಿರಬಹುದು.

7. ಯಾವ ಹನಿಯಾದರೂ ಹಾಕುವ ಮೊದಲು ಬಾಟಲಿಯ ಹೆಸರು ಓದಿಸಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ವೈದ್ಯರು ನೋಡದೆ ಹಾಕಲೇಬೇಡಿ.

ಒಯ್ಯುವಾಗ

ಮುಚ್ಚಳವಿರುವ ಬಿದಿರು ಬುಟ್ಟಿ ಒಳ್ಳೆಯದು. ಗೋಣಿಚೀಲದಲ್ಲಿ ಕಟ್ಟಿ ಒಯ್ದರೆ ಗಾಯದ ಕಣ್ಣು ಚೀಲಕ್ಕೆ ಉಜ್ಜಿ ಇನ್ನೂ ಕೆಡುತ್ತದೆ. ಹೊರಡುವ ಮೊದಲು ಫೋನ್ ಮಾಡಿ ಯಾವ ವೇಳೆಗೆ ಬರಬೇಕು, ಬೆಳಿಗ್ಗೆ ಆಹಾರ ಕೊಡಬಹುದೇ ಎಂದು ಕೇಳಿ. ಮಂಪರು ಕೊಡುವುದಿದ್ದರೆ ಹೊಟ್ಟೆ ಖಾಲಿ ಇರಬೇಕಾಗಬಹುದು. ಮನೆಯಲ್ಲಿ ಹಾಕಿದ ಔಷಧದ ಬಾಟಲಿ ಯಾವುದೇ ಇರಲಿ, ನಾಚಿಕೆ ಬಿಟ್ಟು ಜೊತೆಗೆ ಒಯ್ಯಿರಿ. ಹಿಡಿಯುವಾಗ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ರೇಬಿಸ್ ಸೂಜಿಗಾಗಿ ಆಸ್ಪತ್ರೆಗೆ ಹೋಗಿ.

ಬಸವಕಲ್ಯಾಣದಿಂದ ಬೀದರು ದೂರ, ಒಂದು ದಿನದ ಕೆಲಸ ಹೋಗುತ್ತದೆ, ಖರ್ಚೂ ಆಗುತ್ತದೆ. ಎಲ್ಲ ಬೆಕ್ಕಿಗೂ ಸ್ಕ್ಯಾನಿಂಗ್ ಬೇಕಿಲ್ಲ. ಒಳಗೆ ಕಾಣುವ ಕಣ್ಣಿಗೆ ದೀಪದ ಬೆಳಕೇ ಸಾಕು. ಹಾದಿ ಮುಚ್ಚಿದಾಗ, ಇದನ್ನು ಉಳಿಸಬೇಕೋ ತೆಗೆಯಬೇಕೋ ಎಂಬ ಪ್ರಶ್ನೆ ಬಂದಾಗ ಅದು ಬೇಕಾಗುತ್ತದೆ. ನಾನು ಮೊದಲ ದಿನವೇ ಹುಮನಾಬಾದಿಗೆ ಹೋಗಿದ್ದರೆ ಬೀದರಿನ ಬಸ್ಸು ಹತ್ತುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಅಂದು ಕಟ್ಟೆಯ ಮೇಲೆ ನಕ್ಕ ಹಿರಿಯರು ಮೊನ್ನೆ ಬೆಳಿಗ್ಗೆ ಮನೆಗೆ ಬಂದರು. ಅವರ ಎತ್ತಿನ ಕಣ್ಣಿಗೆ ಜೋಳದ ದಂಟು ತಾಗಿತ್ತು. ಕೈಯಲ್ಲಿ ಒಂದು ಸಣ್ಣ ಬಾಟಲಿ ಹಿಡಿದಿದ್ದರು. "ತಮ್ಮಾ, ಇದ್ರಾಗ ಏನ್ ಬರದಾರ ಸ್ವಲ್ಪ ಓದಿ ಹೇಳು" ಅಂದರು. ಮಗಳನ್ನು ಕರೆದು ಓದಿಸಿದೆ. ಇಬ್ಬರೂ ಕೂಡಿ ಎತ್ತನ್ನು ದವಾಖಾನೆಗೆ ಹೊಡೆದುಕೊಂಡು ಹೋದೆವು. ಬಾಟಲಿ ಮಾತ್ರ ತೆರೆಯಲಿಲ್ಲ.